ಹಿಂದಕ್ಕೆ ಹಾರಿದ ಬಾವುಟ

ಹಡಗಿನ ಬಾವುಟ ಯಾವ ಕಡೆ ಹಾರಬೇಕು? ಯಾರನ್ನೇ ಕೇಳಿ, ಹಿಂದಕ್ಕೆ ಅನ್ನುತ್ತಾರೆ. ಪಾಪ, ಅವರು ನೋಡಿರುವುದು ಕಾರು, ಬಸ್ಸು. ಗಾಡಿ ಮುಂದಕ್ಕೆ ಓಡಿದರೆ ಬಾವುಟ ಹಿಂದಕ್ಕೆ ಪಟಪಟ ಅನ್ನುತ್ತದೆ, ಸರಿಯೇ. ಆದರೆ ಹಾಯಿಹಡಗಿಗೆ ಎಂಜಿನ್ ಎಲ್ಲಿಂದ ಬರಬೇಕು? ಅದನ್ನು ನೂಕುವುದೇ ಬೆನ್ನ ಹಿಂದಿನ ಗಾಳಿ. ಹಾಯಿ ಯಾವ ಕಡೆ ಉಬ್ಬುತ್ತದೋ ಬಾವುಟವೂ ಅದೇ ಕಡೆ, ಅಂದರೆ ಹಡಗಿನ ಮೂತಿಯ ಕಡೆ ಹಾರಬೇಕು. ಇಷ್ಟು ತಿಳಿಯಲು ದೊಡ್ಡ ಓದೇನೂ ಬೇಡ, ಒಂದು ಗಳಿಗೆ ನಿಂತು ಯೋಚಿಸಿದರೆ ಸಾಕು. ನಿಲ್ಲುವವರು ಯಾರು ಹೇಳಿ?

ಮೊಳೆ ಎಂದು ಬೀದಿಯೆಲ್ಲ ಕರೆಯುವವನ ಅಣ್ಣ ನಿಂತು ಯೋಚಿಸುವ ಪೈಕಿ. ಬೆರಳುದ್ದದ ಹಡಗು ಮಾಡಿ, ಬಣ್ಣ ಹಚ್ಚಿ, ಅವನ್ನು ನೀಲಿ ಮೇಜಿನ ಮೇಲೆ ಬಿಟ್ಟು ಯುದ್ಧದ ಆಟ ಆಡುವುದರಲ್ಲಿ ಅರ್ಧ ಆಯುಷ್ಯ ಕಳೆದವನು. ಯಾರ ಹಡಗನ್ನೇ ಕೈಗೆ ಕೊಡಿ, ಮೊದಲು ಅವನ ಕಣ್ಣು ಹೋಗುತ್ತಿದ್ದುದು ಬಾವುಟದ ಮೇಲೆ. ಒಮ್ಮೆ ಔಷಧಿ ಅಂಗಡಿಯವನು ತಾನೂ ಆಟಕ್ಕೆ ಸೇರುತ್ತೇನೆಂದು, ತಿಂಗಳುಗಟ್ಟಲೆ ಕೂತು ಮಾಡಿದ ಹಡಗನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ. ಅಣ್ಣ ಅದನ್ನು ಕನ್ನಡಕದ ಹತ್ತಿರ ಹಿಡಿದು, "ಇದೇನ್ರೀ ಇದು, ಮಂತ್ರಿ ಕಾರಾ? ಬಾವುಟ ಹಿಂದಕ್ಕೆ ಹಾರಿಸಿದೀರಲ್ಲ!" ಅಂದುಬಿಟ್ಟ. ಆ ಮನುಷ್ಯ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಇವತ್ತಿಗೂ ಅಣ್ಣ ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಾನೆ. ಹೀಗೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿ, ಕೊನೆಗೆ ಆಟಕ್ಕೆ ಉಳಿದವರು ಅಣ್ಣ ಮತ್ತು ಮೊಳೆ, ಇಬ್ಬರೇ.

ಅಂಥ ಅಣ್ಣ ಒಂದು ಭಾನುವಾರ ಬೆಳಿಗ್ಗೆ ತಾನು ಹೊಸದಾಗಿ ಮುಗಿಸಿದ ಹಡಗನ್ನು ಅಂಗೈ ಮೇಲಿಟ್ಟು ತಮ್ಮನ ಮುಂದೆ ಚಾಚಿದ.

"ಇದರ ಹೆಸರು ಮುಂಗೋಪಿ. ನನ್ನ ಪಡೆಗೆ ಇನ್ಮೇಲೆ ಇದೇ ಯಜಮಾನಿ. ಹೇಗಿದೆ ಹೇಳು."

ಹೇಗಿದೆ ಎಂದರೆ ಏನು ಹೇಳುವುದು? ತೋಪಿನ ಕಿಂಡಿಗಳು ಸಾಸಿವೆ ಕಾಳಿಗಿಂತ ಚಿಕ್ಕವು, ಒಂದೊಂದಕ್ಕೂ ಕೆಂಪು ಅಂಚು. ತೆಳು ಕಾಗದದ ಹಾಯಿಗಳು ಗಾಳಿ ತುಂಬಿದಂತೆ ಮುಂದಕ್ಕೆ ಉಬ್ಬಿವೆ. ಆದರೆ ಮೂರೂ ಕಂಬದ ತುದಿಯಲ್ಲಿ, ಹಿಂಬದಿಯ ದೊಡ್ಡ ಕೋಲಿನಲ್ಲಿ, ನಾಲ್ಕಕ್ಕೆ ನಾಲ್ಕು ಬಾವುಟವೂ ಹಿಂದಕ್ಕೆ ಹಾರುತ್ತಿವೆ.

 ಅಣ್ಣ ತಮಾಷೆ ಮಾಡುತ್ತಿದ್ದಾನೆಯೇ ಎಂದು ಮೊಳೆ ಅವನ ಮುಖ ನೋಡಿದ. ಅಣ್ಣನ ಮುಖದಲ್ಲಿ ತಮಾಷೆ ಇರಲಿಲ್ಲ. ಹೊಗಳಿಕೆಗೆ ಕಾಯುವ ಆಸೆ ಮಾತ್ರ ಇತ್ತು.

"ಚೆನ್ನಾಗಿದೆ ಅಣ್ಣ," ಎಂದ ಮೊಳೆ. ಅನರ್ಥ ಶುರುವಾದದ್ದು ಆ ಒಂದು ಮಾತಿನಿಂದಲೇ.

ಮೊಳೆ ಎಂಬುದು ಅವನ ಹೆಸರಲ್ಲ ಬಿಡಿ. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತಾನೆ. ಗಿರಾಕಿ ಏನು ಕೇಳಿದರೂ "ಹೂಂ", "ಊಹೂಂ" ಅಷ್ಟೇ. ಆಳೂ ಮೊಳೆಯ ಹಾಗೆಯೇ, ಸಣಕಲು ಮೈ, ಮೇಲೊಂದು ದೊಡ್ಡ ತಲೆ. ಬೀದಿಯವರು ಇಟ್ಟ ಹೆಸರನ್ನು ಮನೆಯವರೂ ಹಿಡಿದುಕೊಂಡರು. ಮದುವೆ ಆಗಲಿಲ್ಲ. ಯಾಕೆ ಎಂದರೆ, ಬಾಯಲ್ಲಿ ಮೊಳೆ ಕಚ್ಚಿಕೊಂಡವನು ಹೆಣ್ಣು ಕೇಳುವುದಾದರೂ ಹೇಗೆ ಎಂದು ಅತ್ತಿಗೆ ನಗುತ್ತಿದ್ದರು. ಅಂಗಡಿಯ ಹಿಂದೆ ಒಂದು ಕೋಣೆ, ಅಲ್ಲೇ ವಾಸ. ಭಾನುವಾರ ಊಟ ಅಣ್ಣನ ಮನೆಯಲ್ಲಿ, ಊಟಕ್ಕಿಂತ ಮೊದಲು ಮತ್ತು ಊಟದ ನಂತರ ಹಡಗು.

ಅಣ್ಣನ ಕಸುಬು ಹಲ್ಲಿನ ಸೆಟ್ ಮಾಡುವುದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಒಸಡು ಎರೆದು, ಹಲ್ಲು ಕೂರಿಸಿ ಕೊಡುತ್ತಾನೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಿಂದಲೇ ತನ್ನ ಹೊಟ್ಟೆ ತುಂಬುತ್ತಿದೆ ಎಂದು ಹೇಳಿಕೊಳ್ಳುತ್ತಿದ್ದ. ಹಡಗುಗಳ ಒಡಲೂ ಆ ಒಸಡಿನ ಮಾಲಿನಿಂದಲೇ ಆದದ್ದು. ಮೇಲೆ ಎಷ್ಟೇ ಕಪ್ಪು, ಹಳದಿ ಬಳಿಯಲಿ, ಎಲ್ಲಾದರೂ ಬಣ್ಣ ಎದ್ದರೆ ಒಳಗಿನಿಂದ ಗುಲಾಬಿ ಒಸಡು ಇಣುಕುತ್ತದೆ. ಕಂಬಗಳಿಗೆ ಹಿತ್ತಾಳೆ ತಂತಿ. ಹಗ್ಗಗಳಿಗೆ ಅತ್ತಿಗೆಯ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು. "ನನ್ನ ತಲೆ ಬೋಳಾದ್ರೆ ಅದು ನಿಮ್ಮ ಹಡಗಿಂದ್ಲೇ," ಎಂದು ಅತ್ತಿಗೆ ಅನ್ನುತ್ತಿದ್ದರು. ಈಚೆಗೆ ಕೂದಲು ಬೆಳ್ಳಗಾಗಿ, ಅದಕ್ಕೂ ಶಾಯಿ ಹಚ್ಚಬೇಕಾಗಿತ್ತು.

ಸಮುದ್ರ ಎಂದರೆ ಒಂದು ಹಳೆಯ ಬಾಗಿಲು. ಯಾರೋ ಮನೆ ಕೆಡವಿದಾಗ ಮೊಳೆ ಹೊತ್ತು ತಂದದ್ದು. ಅದಕ್ಕೆ ನೀಲಿ ಬಳಿದು, ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ಬೀಗದ ಕೈ ತೂರುವ ತೂತು ಹಾಗೇ ಉಳಿದಿತ್ತು. ಅದನ್ನು ಮುಚ್ಚುವ ಬದಲು ಅದಕ್ಕೆ ಸುಳಿ ಎಂದು ಹೆಸರಿಟ್ಟು, ಅದರ ಹತ್ತಿರ ಹೋದ ಹಡಗು ಒಂದು ಸರದಿ ಕಳೆದುಕೊಳ್ಳಬೇಕೆಂದು ಕಾಯಿದೆ ಮಾಡಿದರು. ಮೇಜಿನ ಅಂಚಿಗೆ ತಗಡಿನ ಬಾಣ, ಅದು ಗಾಳಿಯ ದಿಕ್ಕು. ದಾಳ ಬಿದ್ದ ಹಾಗೆ ಬಾಣ ತಿರುಗುತ್ತದೆ. ಬಾಣಕ್ಕೆ ಎದುರಾಗಿ ನೇರ ಹೋಗಲು ಯಾವ ಹಡಗಿಗೂ ಆಗದು, ಓರೆಯಾಗಿ ಬಳಸಿಕೊಂಡೇ ಹೋಗಬೇಕು.

ಇನ್ನೆರಡು ಕಾಯಿದೆಗಳನ್ನು ಹೇಳಲೇಬೇಕು. ಮುಳುಗಿದ ಹಡಗು ಮತ್ತೆ ಆಟಕ್ಕೆ ಬರುವಂತಿಲ್ಲ. ಬಾವುಟದ ಸಮೇತ ಅದನ್ನು ಗೋಡೆಯ ಕಪಾಟಿನ ಅತಿ ಕೆಳಗಿನ ಅರೆಯಲ್ಲಿ ಇಡಬೇಕು. ಆ ಅರೆಗೆ 'ತಳ' ಎಂದು ಹೆಸರು. ತಳಕ್ಕೆ ಹೋದದ್ದನ್ನು ಯಾರೂ ಮುಟ್ಟುವಂತಿಲ್ಲ, ಧೂಳು ಒರೆಸುವಂತೆಯೂ ಇಲ್ಲ. ಎರಡನೆಯದು, ಮುಳುಗುವ ಮೊದಲೇ ಸೋಲೊಪ್ಪುವುದಾದರೆ, ಚಿಮುಟದಿಂದ ತನ್ನ ಹಡಗಿನ ಬಾವುಟ ಕಿತ್ತು ಎದುರಾಳಿಯ ಅಂಗೈಯಲ್ಲಿಡಬೇಕು. ಇಟ್ಟು, "ಹಡಗು ನಿನ್ನದು, ಜನ ನನ್ನವರು," ಎನ್ನಬೇಕು. ಹಡಗನ್ನು ಗೆದ್ದವನು ಇಟ್ಟುಕೊಳ್ಳಲಿ, ಅದರೊಳಗಿನವರು ಮಾತ್ರ ಸುಖವಾಗಿ ಮನೆ ಸೇರಲಿ ಎಂದರ್ಥ. ಮೀಸೆ ಚಿಗುರುವ ವಯಸ್ಸಿನಲ್ಲಿ ಇಬ್ಬರೂ ಕೂತು ಹುಟ್ಟಿಸಿದ ಮಾತು ಅದು. ಮೊಳೆ ಅದನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾನೆ. ಅಣ್ಣ ಒಮ್ಮೆಯೂ ಹೇಳಿದವನಲ್ಲ. ಹಟಮಾರಿ! ಒಂದೇ ತೋಪು ಉಳಿದಿದ್ದರೂ ಹೊಡೆದಾಡಿ ಮುಳುಗುವವನೇ ಹೊರತು ಬಾವುಟ ಇಳಿಸುವವನಲ್ಲ.

ಹೋದ ವರ್ಷ ಅಣ್ಣ ಒಂದು ಎಡವಟ್ಟು ಮಾಡಿದ. ಒಬ್ಬ ಮುದುಕಪ್ಪನ ಹಲ್ಲಿನ ಸೆಟ್ಟನ್ನು ಒಬ್ಬ ಅಜ್ಜಿಯ ಡಬ್ಬಿಯಲ್ಲೂ, ಅಜ್ಜಿಯದನ್ನು ಮುದುಕಪ್ಪನ ಡಬ್ಬಿಯಲ್ಲೂ ಹಾಕಿ ಕಳಿಸಿಬಿಟ್ಟ. ಮುದುಕಪ್ಪ ಹೇಗೋ ಅದನ್ನು ಬಾಯಿಗೆ ತುರುಕಿಕೊಂಡು ಮನೆಗೆ ಬಂದು ಜಗಳವಾಡಿದ. ಬಾಯಿ ತೆರೆದರೆ ಅಜ್ಜಿಯ ನಗು! ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಅದೇ ವಾರ ಮತ್ತೊಮ್ಮೆ ಹಾಗೇ ಆಯಿತು. ಆಗ ಅವರು ನಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಗಡಿಯಾರದ ಚಿತ್ರ ಬರೆಯಿರಿ ಎಂದರಂತೆ. ಅಣ್ಣ ಅಚ್ಚುಕಟ್ಟಾಗಿ ವೃತ್ತ ಎಳೆದು, ಅಂಕಿಗಳಿಗೆಲ್ಲ ನೆರಳು ಕೊಟ್ಟು, ಮುಳ್ಳುಗಳನ್ನು ಬಿಟ್ಟುಬಿಟ್ಟ. ಡಾಕ್ಟರು ಅದನ್ನು ನೋಡಿ ಸುಮ್ಮನೆ ತಲೆಯಾಡಿಸಿದರು.

ಅಲ್ಲಿಂದ ಬರುವಾಗ ಅಣ್ಣ ದಾರಿಯಲ್ಲಿ ಮೊಳೆಯ ಅಂಗಡಿ ಹತ್ತಿದ. ಅತ್ತಿಗೆಯನ್ನು ಮನೆಗೆ ಕಳಿಸಿ, ಸ್ಟೂಲಿನ ಮೇಲೆ ಕೂತ.

"ಬಾಯಿಂದ ಮೊಳೆ ತೆಗಿ. ಮಾತಾಡ್ಬೇಕು."

ಮೊಳೆ ಮೊಳೆಗಳನ್ನು ಅಂಗೈಗೆ ಉಗಿದ.

"ನನ್ನ ತಲೆ ಕೈಕೊಡ್ತಾ ಇದೆಯಂತೆ. ನಿಧಾನಕ್ಕೆ ಹೋಗುತ್ತಂತೆ. ಚೀಲ ಮರೀತೀನಿ, ಬೀಗ ಮರೀತೀನಿ, ಅದಕ್ಕೆಲ್ಲ ನೀನು ಬಾಯಿ ಹಾಕ್ಬೇಡ. ಆದ್ರೆ ಹಡಗಲ್ಲಿ ತಪ್ಪು ಬಂತು ಅನ್ನು, ಅವತ್ತು ನೀನೇ ನನಗೆ ಹೇಳ್ಬೇಕು. ಅದು ಕೊನೇ ಕೋಣೆ ಕಣೋ. ಅಲ್ಲಿಗೂ ನೀರು ನುಗ್ತು ಅಂದ್ರೆ ಮುಗೀತು. ನಾನೇ ಕೆಲಸದ ಕೋಣೆಗೆ ಬೀಗ ಹಾಕಿ ನಿನ್ನ ಅತ್ತಿಗೆ ಕೈಗೆ ಕೊಡ್ತೀನಿ. ಆಮೇಲೆ ನೀವಿಬ್ರೂ ಹೇಳಿದ ಹಾಗೆ ಕೇಳ್ತೀನಿ. ಜನರ ಬಾಯಿಗೆ ಹಾಕೋ ವಸ್ತು ಮಾಡೋನು ನಾನು, ಆಟ ಅಲ್ಲ."

"ಅತ್ತಿಗೆ ಇದ್ದಾರಲ್ಲ ಅಣ್ಣ, ಡಾಕ್ಟರಿದ್ದಾರೆ…"

"ಅವಳು ಹೇಳಲ್ಲ, ಅಳ್ತಾಳೆ. ಡಾಕ್ಟರು ಸುತ್ತಿ ಬಳಸಿ ಹೇಳ್ತಾನೆ. ನೀನು ಹೇಳು. ಮಗೂನ ಆಡಿಸಿದ ಹಾಗೆ ನನ್ನ ಆಡಿಸ್ಬೇಡ. ಅದೊಂದು ಮಾತ್ರ ಮಾಡ್ಬೇಡ. ಮಾತು ಕೊಡು."

ಮೊಳೆ ಮಾತು ಕೊಟ್ಟ. ಕೊಡುವಾಗ ಕೊಡುವುದು ಸುಲಭ. ಆ ದಿನ ಇನ್ನೆಲ್ಲೋ ದೂರದಲ್ಲಿದೆ ಎಂದುಕೊಂಡಿದ್ದ.

ಅದು ಬಂದದ್ದು ಮುಂಗೋಪಿಯ ಆ ಭಾನುವಾರದ ಬೆಳಿಗ್ಗೆ, ಅಣ್ಣನ ಅಂಗೈ ಮೇಲೆ ಕೂತು. ಮೊಳೆ "ಚೆನ್ನಾಗಿದೆ" ಅಂದುಬಿಟ್ಟಿದ್ದ. ಅಣ್ಣ ಕಾಫಿ ಹೇಳಲು ಒಳಗೆ ಹೋದದ್ದೇ ತಡ, ಮೊಳೆ ಕುಂಚದ ತುದಿಯಿಂದ ಬಾವುಟದ ಬುಡಕ್ಕೆ ಒಂದು ಹನಿ ಥಿನ್ನರ್ ಮುಟ್ಟಿಸಿ, ಅಂಟು ಸಡಿಲವಾದ ಕೂಡಲೇ ಚಿಮುಟದಿಂದ ಮೆಲ್ಲಗೆ ಮುಂದಕ್ಕೆ ತಿರುಗಿಸಿದ. ನಾಲ್ಕನ್ನೂ. ಇಂದಿನದು ಕೈತಪ್ಪು, ನಿದ್ದೆ ಸಾಲದೆ ಆಗಿರಬೇಕು, ಮುಂದಿನ ಸಲ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡ. ಹೇಡಿ! ಬೇರೆ ಮಾತಿಲ್ಲ ಅದಕ್ಕೆ. ಅವನೂ ಆ ದಿನವಿಡೀ ತನ್ನನ್ನು ಅದೇ ಹೆಸರಿನಿಂದ ಬೈದುಕೊಂಡ. ಆದರೂ ಊಟಕ್ಕೆ ಕೂತಾಗ ಹೇಳಲಿಲ್ಲ, ಹೊರಡುವಾಗಲೂ ಹೇಳಲಿಲ್ಲ.

ಆ ವಾರದ ನಡುವೆ ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು. ಸ್ಟೂಲು ಕೊಟ್ಟರೂ ಕೂರಲಿಲ್ಲ.

"ನಿಮ್ಮಣ್ಣನ ಹಡಗಿನ ಬಾವುಟ ಮುಟ್ಟಿದ್ದು ನೀನೇನಪ್ಪ?"

ಮೊಳೆ ತಲೆ ತಗ್ಗಿಸಿದ.

"ಹೇಳೋದಲ್ವಾ ನನಗೆ? ನಾನು ಧೂಳು ಹೊಡೆಯೋಕೆ ಹೋಗಿ ತಿರುಗಿಸಿಬಿಟ್ಟೆ ಅಂತ ಮೂರು ದಿನದಿಂದ ಕೂಗಾಡ್ತಾ ಇದ್ದಾರೆ. ಒಂದು ದಿನ ನನ್ನ ಮೇಲೆ ದನಿ ಎತ್ತಿದೋರಲ್ಲ. ಎಲ್ಲಾನೂ ಮತ್ತೆ ಹಿಂದಕ್ಕೆ ತಿರುಗಿಸಿ ಅಂಟಿಸಿದ್ರು. ಅಂಟಿಸ್ತಾ ಅಂಟಿಸ್ತಾ ಮಿಕ್ಕ ಹಡಗು ಕಡೆ ನೋಡಿದ್ರು. 'ಇದ್ಯಾಕೆ ಇವೆಲ್ಲಾ ಬೇರೆ ಥರ ಇವೆ' ಅಂತ ನನ್ನ ಕೇಳ್ತಾರೆ. ಮುಖ ನೋಡ್ಬೇಕಿತ್ತು ನೀನು. ಕತ್ತಲಲ್ಲಿ ದಾರಿ ತಪ್ಪಿದ ಮಗೂ ಥರ."

"ನೀವೇನಂದ್ರಿ ಅತ್ತಿಗೆ?"

"ಏನನ್ನಲಿ? ನನಗೇನು ಗೊತ್ತು ಹಡಗಿನ ವಿಚಾರ? ಮೊಳೆನ ಕೇಳಿ ಅಂದೆ." ಅತ್ತಿಗೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ನೋಡಪ್ಪ, ಹೊರಗಡೆ ಎಲ್ಲಾ ಹೋಯ್ತು. ಸಂತೆಗೆ ಕಳಿಸೋ ಹಾಗಿಲ್ಲ, ಗಿರಾಕಿ ಹತ್ರ ಬಿಡೋ ಹಾಗಿಲ್ಲ. ಸೆಟ್‌ಗಳನ್ನೆಲ್ಲ ನಾನೇ ಹೆಸರು ನೋಡಿ ಡಬ್ಬಿಗೆ ಹಾಕ್ತೀನಿ, ಅವರಿಗೆ ಗೊತ್ತಿಲ್ಲ. ಆ ನೀಲಿ ಬಾಗಿಲ ಮುಂದೆ ಕೂತಾಗ ಮಾತ್ರ ಇನ್ನೂ ಅವರು ಅವರೇ ಆಗಿರ್ತಾರೆ. ಅಲ್ಲೂ ಹಂಗಾದ್ರೆ ನಾನು ಯಾರ ಜೊತೆ ಬದುಕ್ಲಿ? ಏನಾದ್ರೂ ಮಾಡು. ಭಾನುವಾರದ ಒಳಗೆ ಮಾಡು."

ಕೊಟ್ಟ ಮಾತಿನ ವಿಷಯ ಮೊಳೆ ಅತ್ತಿಗೆಗೆ ಹೇಳಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಅಣ್ಣ ಅಂದೇ ಕೋಣೆಗೆ ಬೀಗ ಹಾಕುತ್ತಾನೆ. ಹಾಕಿದ ಮೇಲೆ ಆ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಹಿತ್ತಲಿಗೋ? ಹೇಳದಿದ್ದರೆ, ಒಂದು ಹಡಗು ಒಂದು ಥರ, ಮಿಕ್ಕವೆಲ್ಲ ಇನ್ನೊಂದು ಥರ. ಅಣ್ಣ ದಿನವೂ ನೋಡುತ್ತಾನೆ, ದಿನವೂ ಹೆದರುತ್ತಾನೆ.

ಯೋಚಿಸಿ ಯೋಚಿಸಿ ಮೊಳೆಗೆ ಒಂದು ಉಪಾಯ ಹೊಳೆಯಿತು. ಹೊಳೆದಾಗ ಖುಷಿಯೂ ಆಯಿತು, ಅದೇ ದುರಂತ. ಒಂದು ಹಡಗು ತಪ್ಪಾಗಿ ಕಾಣುವುದು ಮಿಕ್ಕವು ಸರಿಯಾಗಿರುವುದರಿಂದ. ಎಲ್ಲವೂ ಒಂದೇ ಥರ ಇದ್ದರೆ ತಪ್ಪು ಎಂದು ಯಾರು ಹೇಳಬೇಕು? ಅವನಿಗೆ ಅದು ಸರಿಯಾದ ಕೆಲಸ ಅನ್ನಿಸಿತು. ಎಷ್ಟಾದರೂ ಓರೆಯಾದ ಗೋಡೆಗೆ ತಕ್ಕಂತೆ ಕಟ್ಟನ್ನೂ ಓರೆಯಾಗಿ ತೂಗುಹಾಕಿ ಗಿರಾಕಿಯನ್ನು ಸಮಾಧಾನ ಮಾಡಿದವನು ಅವನು.

ಮಾರನೆಯ ದಿನ ಹೋಗಿ, "ದೊಡ್ಡ ಯುದ್ಧಕ್ಕೆ ಮುಂಚೆ ಎಲ್ಲಾ ಹಡಗಿಗೂ ಒಂದು ಕೈ ವಾರ್ನಿಶ್ ಹೊಡೀತೀನಿ ಅಣ್ಣ," ಎಂದು ಹೇಳಿ, ಎರಡೂ ಪಡೆಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಕೊಂಡು ಅಂಗಡಿಗೆ ತಂದ. ಅಣ್ಣ ಬಾಗಿಲವರೆಗೂ ಬಂದು, "ಜೋಪಾನ, ಕೂದಲು ಕಿತ್ತೀಯ," ಎಂದ. ಅಂಗಡಿಯ ಷಟರ್ ಅರ್ಧಕ್ಕೆ ಇಳಿಸಿ, ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ, ಮೊಳೆ ಕೂತ. ಒಂದು ಹನಿ ಥಿನ್ನರ್, ಚಿಮುಟ, ಅರ್ಧ ಸುತ್ತು, ಮತ್ತೆ ಅಂಟು. ಒಂದಾದ ಮೇಲೆ ಒಂದು. ಕೆಲವು ಬಾವುಟ ಅವನೇ ಬರೆದವು, ಕೆಲವು ಅಣ್ಣ ಬರೆದವು. ಒಂದರಲ್ಲಿ ಅಣ್ಣ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ, ಅತ್ತಿಗೆಯ ಸೀರೆಯ ಅಂಚು ಬರೆದಿದ್ದ. ಕಾಗದ ಹಳತಾಗಿ ಎರಡು ಬಾವುಟ ಮುರಿದವು, ಅವನ್ನು ಹೊಸದಾಗಿ ಮಾಡಿದ. ಗಾಳಿ ಒಂದು ಕಡೆ, ಬಾವುಟ ಇನ್ನೊಂದು ಕಡೆ. ಕೈಯಾರೆ ಅಷ್ಟೂ ಹಡಗನ್ನು ಕೆಡಿಸುತ್ತಾ, ಅಣ್ಣನಿಗಾಗಿ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡ.

ಭಾನುವಾರ ಹಡಗುಗಳನ್ನು ನೀಲಿ ಬಾಗಿಲ ಮೇಲೆ ಸಾಲಾಗಿ ನಿಲ್ಲಿಸಿದಾಗ ಅಣ್ಣ ಬಗ್ಗಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು, ಈ ತುದಿಯಿಂದ ಆ ತುದಿಯವರೆಗೆ ನೋಡಿದ. 

"ಈಗ ನೋಡು, ಎಲ್ಲಾ ಸರಿಯಾಗಿದೆ," ಎಂದ ಅಣ್ಣ. ಅವನ ಹಣೆಯ ಗಂಟು ಬಿಚ್ಚಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮೊಳೆಯ ಕಡೆ ನೋಡಿ, ಕಣ್ಣಲ್ಲೇ ಕೈಮುಗಿದು ಒಳಗೆ ಹೋದರು.

ಆಟ ಶುರುವಾಯಿತು. ಅಣ್ಣ ಎಷ್ಟೋ ತಿಂಗಳ ನಂತರ ಮೊದಲಿನ ಹಾಗೆ ಮಾತಾಡಿದ, ಮೊದಲಿನ ಹಾಗೆ ಕಿಚಾಯಿಸಿದ. "ಗಾಳಿ ಬಂದಾಗ ತೂರಿಕೋಬೇಕು ಕಣೋ, ನಿನ್ನ ಹಾಗೆ ತೂಕಡಿಸೋದಲ್ಲ!" ಎಂದು ದಾಳ ಎಸೆದ. ದಾಳ ಬಿದ್ದಂತೆ ಮೊಳೆ ತಗಡಿನ ಬಾಣ ತಿರುಗಿಸಿದ. ಗಾಳಿ ಈಗ ಕಿಟಕಿಯ ಕಡೆಯಿಂದ. ಅಣ್ಣ ಮುಂಗೋಪಿಯನ್ನು ಹಿಡಿದು, ಕಿಟಕಿಯ ಕಡೆಗೇ, ಗಾಳಿಗೆ ಎದುರಾಗಿ ನೇರ ನೂಕಿಕೊಂಡು ಹೋಗಿ, ಮೊಳೆಯ ದೊಡ್ಡ ಹಡಗಾದ ನಿಧಾನಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಯಾವ ಹಡಗೂ ಹೋಗಲಾರದ ದಾರಿ ಅದು. ಮೊಳೆಯ ಬಾಯಿಯವರೆಗೂ ಮಾತು ಬಂತು. ಬಾಯಲ್ಲಿ ಮೊಳೆ ಇಲ್ಲದಿದ್ದರೂ ಇದ್ದವನಂತೆ "ಹೂಂ" ಎಂದ.

"ಹೊಡೆದೆ ನೋಡು!" ಅಣ್ಣ ಮತ್ತೆ ದಾಳ ಎಸೆದ. ಮೊಳೆ ತಿರುಗಿ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಸುಳಿಯ ಕಡೆ ಸರಿಯಬಾರದಿತ್ತು, ಬೇಕೆಂದೇ ಸರಿದ. ನಿಧಾನಿ ಮುಳುಗಿತು.

"ಮುಳುಗ್ತು! ಕೊಡು ಇಲ್ಲಿ, ನಾನೇ ಇಡ್ತೀನಿ." ಮುಳುಗಿಸಿದವನೇ ತಳಕ್ಕೆ ಇಡುವುದು ವಾಡಿಕೆ. ಅಣ್ಣ ನಿಧಾನಿಯನ್ನು ಅಂಗೈ ಮೇಲಿಟ್ಟುಕೊಂಡು, ಮೊಣಕಾಲು ಹಿಡಿದುಕೊಂಡು ಕಪಾಟಿನ ಮುಂದೆ ಕೂತ. ಕೆಳಗಿನ ಅರೆಯ ಬಾಗಿಲು ಎಳೆದ.

ಆಗ ಮೊಳೆಗೆ ನೆನಪಾಯಿತು. ಅಯ್ಯೋ, ತಳ!

ಮುಟ್ಟಬಾರದೆಂಬ ಕಾಯಿದೆ ಎಷ್ಟು ರಕ್ತಕ್ಕೆ ಇಳಿದಿತ್ತೆಂದರೆ, ಎರಡೂ ಪಡೆ ತಿರುಗಿಸಿದವನಿಗೆ ಮುಳುಗಿದ ಹಡಗುಗಳು ಲೆಕ್ಕಕ್ಕೇ ಬಂದಿರಲಿಲ್ಲ. ಅವು ಅಲ್ಲಿದ್ದವು, ಹಿಂದಿನ ಎಷ್ಟೋ ವರ್ಷಗಳ ಹಡಗುಗಳು, ಸಾಲು ಸಾಲಾಗಿ, ಮೇಲೆ ಬೂದು ಧೂಳು ಹೊದ್ದು. ಪ್ರತಿಯೊಂದರ ಬಾವುಟವೂ ಮುಂದಕ್ಕೆ, ಹಾಯಿ ಉಬ್ಬಿದ ಕಡೆಗೇ ಹಾರುತ್ತಿತ್ತು.

ಅಣ್ಣ ಕೈಯಲ್ಲಿದ್ದ ನಿಧಾನಿಯನ್ನು ನೋಡಿದ. ಅರೆಯನ್ನು ನೋಡಿದ. ನಿಧಾನಿಯನ್ನು ಅರೆಯ ಅಂಚಿನಲ್ಲಿ ಒಂದು ಹಳೆಯ ಹಡಗಿನ ಪಕ್ಕ ಇಟ್ಟು, ತಲೆ ಓರೆ ಮಾಡಿ ನೋಡಿದ. ಆಮೇಲೆ ಬೆರಳಿನಿಂದ ನಿಧಾನಿಯ ಹಾಯಿಯ ಹೊಟ್ಟೆಯನ್ನು ಮುಟ್ಟಿ, ಅಲ್ಲಿಂದ ಬಾವುಟವನ್ನು ಮುಟ್ಟಿದ. ಬಾಯಿ ಗುಂಡಗೆ ಮಾಡಿ ಅದರ ಹಿಂದಿನಿಂದ ಮೆಲ್ಲಗೆ ಊದಿದ.  ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಮೊಳೆ, ಮೇಜಿನ ಮೇಲೆ ಇರೋದೆಲ್ಲ ತಪ್ಪಾ?"

ಮೊಳೆ ದಾಳವನ್ನು ಎತ್ತಿ ಮತ್ತೆ ಕೆಳಗಿಟ್ಟ.

"ಹೇಳೋ. ನೀನೇ ಹೇಳ್ಬೇಕು ಅಂದಿದ್ನಲ್ಲ."

"ತಪ್ಪು ಅಣ್ಣ."

"ಎಲ್ಲಾನೂ?"

"ಎಲ್ಲಾನೂ."

"ಮುಂಗೋಪಿ ನಾನು ಮಾಡಿದ್ದು. ಮಿಕ್ಕಿದ್ದು?"

"ನಾನು ತಿರುಗಿಸಿದೆ. ನಿನಗೆ ಗೊತ್ತಾಗ್ಬಾರ್ದು ಅಂತ."

ಅಣ್ಣ ಕಪಾಟಿನ ಅಂಚು ಹಿಡಿದು ಎದ್ದ. ಬೈಯುತ್ತಾನೆ ಎಂದು ಮೊಳೆ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದು ಹಡಗಲ್ಲಿ ತಪ್ಪಿದ್ರೆ ಕೈತಪ್ಪು ಅಂದ್ಕೋಬಹುದಿತ್ತು," ಎಂದ ಅಣ್ಣ. "ನೀನು ಅಷ್ಟೂ ಹಡಗು ತಿರುಗಿಸಿದೀಯ. ಅಷ್ಟು ಬೇಕಾಯ್ತಾ ನನಗೆ? ನಾನು ಅಷ್ಟು ದೂರ ಹೋಗಿದೀನಾ, ಮೊಳೆ?"

ಮೊಳೆಯ ಕಣ್ಣಲ್ಲಿ ನೀರು ತುಂಬಿತು. ಅಣ್ಣನಿಗೆ ಗೊತ್ತಾಗಬಾರದೆಂದು ಮಾಡಿದ್ದೇ ಅಣ್ಣನಿಗೆ ಎಲ್ಲವನ್ನೂ ಹೇಳಿಬಿಟ್ಟಿತ್ತು, ಅದೂ ಇರುವುದಕ್ಕಿಂತ ನೂರು ಪಾಲು ಹೆಚ್ಚಾಗಿ. ಒಂದು ಮಾತಿನಲ್ಲಿ ಮುಗಿಯುವುದನ್ನು ಅವನು ಇಡೀ ಸಮುದ್ರಕ್ಕೆ ಹರಡಿದ್ದ.

"ಗಾಳಿಗೆ ಎದುರು ಹೋದ್ನಾ ಈಗ?"

"ಹೋದೆ."

"ನೀನು ಸುಮ್ನಿದ್ದೆ."

"ಸುಮ್ನಿದ್ದೆ."

"ಮಗೂನ ಆಡಿಸಿದ ಹಾಗೆ," ಎಂದ ಅಣ್ಣ. 

ಅವನು ಮೇಜಿನ ಹತ್ತಿರ ಹೋಗಿ ಚಿಮುಟ ಎತ್ತಿಕೊಂಡ. ಎಲ್ಲ ಮರೆತರೂ ಕೈ ಮಾತ್ರ ಮರೆತಿರಲಿಲ್ಲ. ಮುಂಗೋಪಿಯ ಹಿಂಬದಿಯ ದೊಡ್ಡ ಬಾವುಟವನ್ನು ಬುಡದಲ್ಲಿ ಹಿಡಿದು, ಒಂದೇ ಎಳೆತಕ್ಕೆ, ಹಲ್ಲು ಕಿತ್ತ ಹಾಗೆ ಕಿತ್ತ. ಅದರ ಜೊತೆ ಒಂದು ಚೂರು ಬಣ್ಣವೂ ಎದ್ದು, ಒಳಗಿನ ಗುಲಾಬಿ ಒಸಡು ಕಾಣಿಸಿತು.

"ಕೈ ನೀಡು."

"ಬೇಡ ಅಣ್ಣ. ಇನ್ನೊಂದು ಆಟ ಆಡೋಣ. ಈಗಲೇ ಎಲ್ಲಾ ಸರಿ ಮಾಡ್ತೀನಿ, ಸರಿಯಾಗಿ ಆಡ್ತೀನಿ."

"ಕೈ ನೀಡೋ."

ಮೊಳೆ ಕೈ ನೀಡಿದ. ಅಣ್ಣ ಬಾವುಟವನ್ನು ಅವನ ಅಂಗೈಯ ನಡುವೆ ಇಟ್ಟ. ಅಕ್ಕಿ ಕಾಳಿನಷ್ಟು ದೊಡ್ಡದು, ತೂಕವೇ ಇಲ್ಲ.

"ಹಡಗು ನಿನ್ನದು," ಎಂದ ಅಣ್ಣ.

ಅಲ್ಲಿಗೆ ನಿಂತ. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಹುಬ್ಬು ಗಂಟಿಕ್ಕಿ ಮೇಜು ನೋಡಿದ, ಕಿಟಕಿ ನೋಡಿದ, ಕೊನೆಗೆ ತಮ್ಮನ ಮುಖ ನೋಡಿದ. ಮೀಸೆ ಚಿಗುರುವ ಕಾಲದಿಂದ ಎದುರಾಳಿಯ ಬಾಯಲ್ಲಿ ಕೇಳಿ ಕೇಳಿ ನಕ್ಕ ಮಾತು, ತಾನು ಹೇಳಬೇಕಾದ ಒಂದೇ ಒಂದು ದಿನ ಕೈಕೊಟ್ಟಿತ್ತು.

"ಆಮೇಲೆ ಏನು ಹೇಳ್ಬೇಕು, ಮೊಳೆ?"

ಗೊತ್ತಿದೆಯಲ್ಲ ನಿನಗೆ ಎನ್ನಬಹುದಿತ್ತು. ಅಷ್ಟು ಸಾಕು ಬಿಡು ಎನ್ನಬಹುದಿತ್ತು. ಮೊಳೆ ಈ ಸಲ ಹಾಗೆ ಮಾಡಲಿಲ್ಲ.

"ಮರೆತಿದೀಯ ಅಣ್ಣ," ಎಂದ. "ಜನ ನನ್ನವರು ಅಂತ ಹೇಳ್ಬೇಕು."

"ಹೌದಲ್ವಾ." ಅಣ್ಣ ತಲೆಯಾಡಿಸಿದ. "ಜನ ನನ್ನವರು."

ಹೇಳಿ, ಅಂಗಿಯ ಜೇಬಿನಿಂದ ಕೆಲಸದ ಕೋಣೆಯ ಬೀಗದ ಕೈ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ನಡೆದ. ಪಾತ್ರೆಯ ಸದ್ದು ನಿಂತಿತು. ಮೊಳೆ ನೀಲಿ ಬಾಗಿಲ ಪಕ್ಕದಲ್ಲಿ ಅಂಗೈ ಚಾಚಿಕೊಂಡೇ ನಿಂತಿದ್ದ. ಮುಷ್ಟಿ ಮುಚ್ಚಿದರೆ ಬಾವುಟ ಮುದುಡುತ್ತದೆ, ಇಡೋಣವೆಂದರೆ ಎಲ್ಲಿ ಇಡಬೇಕೆಂದು ಅವನಿಗೆ ತೋಚಲಿಲ್ಲ.